ಮೂರನೆಯವಳ ಎಣಿಕೆ

ಹುಲಿಕುಂಟೆ ಹತ್ತಿರದ ನಮ್ಮ ಹಟ್ಟಿ
12-6-2025

ಚಿ. ಅನಸೂಯಳಿಗೆ ಚಿಕ್ಕಪ್ಪ ಚಿತ್ತಯ್ಯ ಬರೆಯುವುದು. ಇಲ್ಲಿ ನಿಮ್ಮಪ್ಪ, ನಾನು, ಎರಡು ನಾಯಿ, ಕುರಿ ಎಲ್ಲ ನೆಟ್ಟಗಿದ್ದೇವೆ. ಕುರಿ ಎಷ್ಟು ಎಂದು ಬರೆಯುವುದಿಲ್ಲ. ಬರೆದರೆ ದೃಷ್ಟಿ ತಾಕುತ್ತದೆ, ನಿನಗೇ ಗೊತ್ತು.

ಆರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಕೊನೆಗೆ "ಮಾತಾಡಕ್ಕೆ ಆಗ್ತಿಲ್ಲ ಚಿಕ್ಕಪ್ಪ, ಬೇಕಾದ್ರೆ ಕಾಗದ ಬರಿ" ಎಂದು ಮೆಸೇಜು ಕಳಿಸಿದೆ. ನನ್ನ ಕಾಟ ತಪ್ಪಲಿ ಎಂದು ಹಾಗೆ ಅಂದಿರಬೇಕು. ಆದರೆ ಯಾರಿಗೆ ಅಂದೆ ನೋಡು. ಏಳನೇ ಕ್ಲಾಸಿನಲ್ಲಿ ಇಡೀ ಹೋಬಳಿಗೆ ದುಂಡಗಿನ ಅಕ್ಷರ ನನ್ನದು. ನನ್ನ ಕಾಪಿ ಪುಸ್ತಕವನ್ನು ಮೇಷ್ಟ್ರು ತಮ್ಮದೆಂದು ಇನ್‌ಸ್ಪೆಕ್ಟರಿಗೆ ತೋರಿಸಿದ್ದರು.

ಅಂಚೆಯ ನಾಗಲಿಂಗಯ್ಯ ಕವರು ಕೊಡುವಾಗ, "ಯಾರಿಗ್ಲಾ ಚಿತ್ತಯ್ಯ, ಈ ವಯಸ್ನಾಗೆ ಕಾಗ್ದ?" ಎಂದ. "ಆಕಾಶಕ್ಕೆ ಕಣಣ್ಣ, ಎಷ್ಟು ಸ್ಟಾಂಪು ಅಂಟಿಸ್ಬೇಕು ಯೇಳು" ಅಂದೆ. ಅವನು ನಿಜಕ್ಕೂ ಪುಸ್ತಕ ತೆಗೆದು ನೋಡಿದ.

ಮಾರ್ಚಿನಲ್ಲಿ ನೀವು ಮಾಡಿದ ಡಬ್ಬಿ ಉಪಗ್ರಹದ ಒಳಗೆ ಕೂತು ಮೇಲೆ ಹೋಯಿತಲ್ಲ, ಅಂದಿನಿಂದ ಹಟ್ಟಿಯಲ್ಲಿ ನನ್ನ ಮಾತಿಗೆ ಬೆಲೆ ಬಂದಿದೆ. ಹೋದ ಶನಿವಾರ ಹೊತ್ತು ಮುಳುಗುವಾಗ ಕಟ್ಟೆಯ ಮೇಲೆ ಕೂತವರಿಗೆಲ್ಲ ನಿನ್ನ ಡಬ್ಬಿ ತೋರಿಸಿದೆ. ಓಬಳಯ್ಯ, "ಅದು ಇಮಾನ ಕಣ್ಲಾ, ಕೆಂಪು ಲೈಟ್ ಐತೆ" ಅಂದ. "ನಮ್ಮುಡ್ಗಿ ಇಮಾನಕ್ಕಿಂತ ಕಮ್ಮಿ ಮಾಡ್ತಾಳೇನ್ಲಾ, ಅದ್ಕೂ ಲೈಟ್ ಇಕ್ಕವ್ಳೆ" ಅಂದೆ. ಒಂದು ಕಟ್ಟು ಬೀಡಿ ಪಂಥದಲ್ಲಿ ಗೆದ್ದೆ.

ನಿಮ್ಮಪ್ಪ ಹಾಗೆಯೇ ಇದ್ದಾನೆ. ಸಂಜೆ ಕುರಿ ಮುಳ್ಳುಬೇಲಿಯ ರೊಪ್ಪಕ್ಕೆ ಬರುವ ಹೊತ್ತಿಗೆ ಸರಿಯಾಗಿ ಎದ್ದು ಬಾವಿಯ ಕಡೆ ಹೋಗುತ್ತಾನೆ. ಎಣಿಸುವುದು ನಾನೊಬ್ಬನೇ. ಹದಿನೇಳು ವರ್ಷದಿಂದ ನಡೆದು ಬಂದಿದೆ, ಈಗ ಅದರಲ್ಲಿ ವಿಶೇಷವೇನೂ ಇಲ್ಲ.

ನೀನು ಯಾಕೆ ಮಾತಾಡುತ್ತಿಲ್ಲ ಎಂದು ಕೇಳುವುದಿಲ್ಲ. ನಿನ್ನ ಕೆಲಸ ಏನೆಂದು ಬರಿ. ಕಟ್ಟೆಯ ಮೇಲೆ ಹೇಳಲು ಸರಕು ಮುಗಿದಿದೆ.

ನಿನ್ನ ಚಿಕ್ಕಪ್ಪ,
ಚಿತ್ತಯ್ಯ

*

ಹೈದರಾಬಾದ್
2-7-2025

ಚಿಕ್ಕಪ್ಪ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ನಗು ಬರಬೇಕಾದ ಜಾಗ ಯಾವುದು ಎಂದು ಗೊತ್ತಾಯಿತು, ನಗು ಬರಲಿಲ್ಲ. ಅದು ನಿನ್ನ ತಪ್ಪಲ್ಲ. ಈಚೆಗೆ ಯಾವುದೂ ಬರುವುದಿಲ್ಲ. ಊಟ ಮಾಡುತ್ತೇನೆ, ಲ್ಯಾಬಿಗೆ ಹೋಗುತ್ತೇನೆ, ಬರುತ್ತೇನೆ. ಯಾರೂ ನನಗೆ ಏನೂ ಮಾಡಿಲ್ಲ.

ನಮ್ಮ ಡಬ್ಬಿ ಒಂದು ಟಿಫಿನ್ ಕ್ಯಾರಿಯರಿನಷ್ಟಿದೆ. ಉಪಗ್ರಹವೂ ಸಣ್ಣದು, ಬರಿಗಣ್ಣಿಗೆ ಕಾಣುವುದಿಲ್ಲ. ಓಬಳಯ್ಯನವರ ಬೀಡಿ ವಾಪಸು ಕೊಡು.

ಕೆಲಸ ಏನೆಂದು ಕೇಳಿದ್ದೀಯ. ಸೂರ್ಯನಿಂದಲೂ ಇನ್ನೂ ದೂರದಿಂದಲೂ ಕಣ್ಣಿಗೆ ಕಾಣದ ಕಣಗಳು ಬರುತ್ತಿರುತ್ತವೆ. ಕೆಳಗಿರುವ ನಮಗೆ ಗಾಳಿಯೇ ಕಂಬಳಿ. ಮೇಲೆ ಆ ಕಂಬಳಿ ಇಲ್ಲ. ಒಂದು ಕಣ ಬಂದು ಬಡಿದರೆ ಚಿಪ್‌ನಲ್ಲಿ ಬರೆದಿಟ್ಟ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಒಂದೇ ಏಟಿಗೆ ಚಿಪ್ ಸಾಯುವುದು ಅಪರೂಪ. ಆದರೆ ಏಟು ದಿನಾ ಸ್ವಲ್ಪ ಸ್ವಲ್ಪ ಒಳಗೆ ಕೂಡುತ್ತದೆ. ಒಂದು ದಿನ ಅದು ತಪ್ಪು ಉತ್ತರ ಕೊಡುತ್ತದೆ, ಆಮೇಲೆ ಉತ್ತರವನ್ನೇ ಕೊಡುವುದಿಲ್ಲ. ಬಿಚ್ಚಿ ನೋಡಿದರೆ ಗಾಯ ಕಾಣುವುದಿಲ್ಲ.

ಏಟು ಎಷ್ಟು ಬಿತ್ತು ಎಂದು ಎಣಿಸುವುದೇ ನಮ್ಮ ಡಬ್ಬಿಯ ಕೆಲಸ. ಆ ಲೆಕ್ಕ ಇಟ್ಟುಕೊಂಡು ಮುಂದಿನ ಉಪಗ್ರಹಕ್ಕೆ ಎಷ್ಟು ದಪ್ಪದ ಹೊದಿಕೆ ಬೇಕು ಎಂದು ಬೇರೆಯವರು ತೀರ್ಮಾನಿಸುತ್ತಾರೆ. ಎಣಿಸುವ ಚಿಪ್‌ಗೂ ಏಟು ಬೀಳುತ್ತದಲ್ಲ, ಅದಕ್ಕೇ ಮೂರು ಚಿಪ್ ಇಟ್ಟಿದ್ದೇವೆ. ಮೂರರಲ್ಲಿ ಎರಡು ಒಂದೇ ಲೆಕ್ಕ ಹೇಳಿದರೆ ಅದನ್ನೇ ನಂಬುವುದು.

ಇಷ್ಟೇ.

ಅನಸೂಯ

*

ಹಟ್ಟಿ
14-7-2025

ಚಿ. ಅನಸೂಯ,

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ, ಬೀಡಿಯ ಸಾಲು ಬಿಟ್ಟು.

ಮೂರು ಚಿಪ್ಪಿನ ವಿಷಯ ಓದಿ ನನಗೆ ತಡೆಯಲಾಗಲಿಲ್ಲ. ಅದು ನಮ್ಮದಲ್ಲವೇನೇ? ನಿಮ್ಮ ವಿಜ್ಞಾನಿಗಳು ಯಾವಾಗಲೋ ನಮ್ಮ ರೊಪ್ಪದ ಹತ್ತಿರ ಕೂತು ಕದ್ದುಕೊಂಡು ಹೋಗಿದ್ದಾರೆ. ನೀನು ಹಾಸ್ಟೆಲಿನಲ್ಲಿ ಬೆಳೆದವಳು, ಸರಿಯಾಗಿ ಕಂಡಿರಲಿಕ್ಕಿಲ್ಲ. ನಿಮ್ಮ ದೊಡ್ಡ ಸಾಹೇಬರಿಗೆ ಓದಿ ಹೇಳುವಂತೆ ಬರೆಯುತ್ತೇನೆ.

ಸಂಜೆ ಕುರಿ ರೊಪ್ಪಕ್ಕೆ ನುಗ್ಗುವಾಗ ಬಾಯಲ್ಲಿ ಮೂವರು ಕೂರಬೇಕು. ಬಾಯಿಬಿಟ್ಟು ಎಣಿಸುವಂತಿಲ್ಲ, ದೃಷ್ಟಿ. ಇಪ್ಪತ್ತು ಕುರಿ ಒಳಗೆ ಹೋದರೆ ಒಂದು ಕಲ್ಲು ಮಡಿಲಿಗೆ. ಇಪ್ಪತ್ತಕ್ಕೆ ತುಂಬದೆ ಉಳಿದದ್ದು ಬೆರಳಿನಲ್ಲಿ, ಹತ್ತು ದಾಟಿದರೆ ಬೆರಳಿನ ಗೆಣ್ಣಿನಲ್ಲಿ. ಬಾಯಿಗೆ ಮುಳ್ಳು ಎಳೆದ ಮೇಲೆ ಮೂವರೂ ಒಟ್ಟಿಗೆ ಮಡಿಲು ಬಿಚ್ಚಿ ಬೆರಳು ತೋರಿಸಬೇಕು. ಇಬ್ಬರದು ಒಂದಾದರೆ ಅದೇ ಲೆಕ್ಕ, ಮೂರನೆಯವರು ಸುಮ್ಮನಾಗಬೇಕು. ಮೂವರದೂ ಬೇರೆ ಬೇರೆ ಆದರೆ, ಇಲ್ಲವೇ ಒಬ್ಬನು "ನಾನು ತಪ್ಪಿದೆ" ಎಂದು ಕಲ್ಲು ಚೆಲ್ಲಿ, ಉಳಿದಿಬ್ಬರದು ಹೊಂದದೆ ಹೋದರೆ, ಎಷ್ಟೇ ಹೊತ್ತಾಗಲಿ ಕುರಿಯನ್ನೆಲ್ಲ ಹೊರಗೆ ಬಿಟ್ಟು ಮತ್ತೆ ಎಣಿಸಬೇಕು. ನಮ್ಮ ಮುತ್ತಾತ ಮಾಡಿದ ಕಾನೂನು.

ನಿಮ್ಮ ಆಫೀಸಿನಲ್ಲಿ ಇದರ ಮೇಲೆ ನಮ್ಮ ಹಟ್ಟಿಯ ಹೆಸರು ಬರೆಸು. ನನ್ನ ಹೆಸರನ್ನೂ ಹಾಕಿದರೆ ಬೇಡ ಎನ್ನುವುದಿಲ್ಲ.

ಊಟ ಸರಿಯಾಗಿ ಮಾಡು. ಸಿದ್ದರಬೆಟ್ಟಕ್ಕೆ ಹೋದವರ ಕೈಲಿ ನಿನ್ನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಕಳಿಸಿದ್ದೇನೆ.

ಚಿತ್ತಯ್ಯ

*

ಹೈದರಾಬಾದ್
9-8-2025

ಚಿಕ್ಕಪ್ಪ,

ನಿನ್ನ ಕಾಗದವನ್ನು ಸಾಹೇಬರಿಗೆ ಓದಿ ಹೇಳಲಿಲ್ಲ. ಜೊತೆಗೆ ಕೆಲಸ ಮಾಡುವ ಕಿರಣ್ ಕುಮಾರ್‌ಗೆ ಹೇಳಿದೆ. ಮಧುಗಿರಿಯವನು. "ನಮ್ ಕಡೆ ಇಬ್ರೇ ಎಣಿಸ್ತಾರೆ, ಆಮೇಲೆ ಹೊಡೆದಾಡ್ತಾರೆ" ಅಂದ.

ಈಗ ಒಂದು ತೊಂದರೆ ಬಂದಿದೆ. ಜೂನ್ ಕೊನೆಯಿಂದ ಒಂದನೆಯ ಚಿಪ್ಪೂ ಎರಡನೆಯ ಚಿಪ್ಪೂ ದಿನಾ ಒಂದೇ ಲೆಕ್ಕ ಹೇಳುತ್ತಿವೆ. ಮೂರನೆಯದು ದಿನಾ ಕಮ್ಮಿ ಹೇಳುತ್ತದೆ. ನಲವತ್ತು ದಿನವಾಯಿತು. ಮೂರನೆಯದಕ್ಕೆ ಏಟು ಕೂಡಿ ಕೂಡಿ ಕಿವುಡಾಗಿದೆ, ಅದರಿಂದ ಬರೀ ಕರೆಂಟು ದಂಡ ಎಂದು ಎಲ್ಲರ ಅಭಿಪ್ರಾಯ. ಅದರ ಕರೆಂಟನ್ನು ಕಾಯಂ ಆಗಿ ಆರಿಸಿಬಿಡುವುದು ಎಂದಾಗಿದೆ. ಹಾಗೆ ಆರಿಸಿದರೆ ಮತ್ತೆ ಎಬ್ಬಿಸಲು ಬರುವುದಿಲ್ಲ. ಸೆಪ್ಟೆಂಬರ್ ಇಪ್ಪತ್ತಕ್ಕೆ ಸಭೆ. ಆರಿಸಬಹುದು ಎಂದು ಬರೆದು ಸಹಿ ಮಾಡಬೇಕಾದವಳು ನಾನು.

ಸಹಿ ಮಾಡಲು ಅಡ್ಡಿ ಏನೂ ಇಲ್ಲ. ಆದರೂ ಕಾಗದ ಮೇಜಿನ ಮೇಲೆ ಹಾಗೆಯೇ ಇದೆ. ಕಿರಣ್ ಕೇಳಿದ, "ಯಾಕಮ್ಮ, ಮೂರನೇದು ನಿಮ್ ನೆಂಟರದ್ದಾ?"

ನೀನು ರೊಪ್ಪದ ಕಾನೂನು ಬರೆದ ಮೇಲೆ ಒಂದು ವಿಷಯ ಕೇಳಬೇಕೆನಿಸಿತು. ಅಮ್ಮ ಹೋದ ದಿನ ರೊಪ್ಪದ ಬಾಯಲ್ಲಿ ಕೂತಿದ್ದವರು ಯಾರು? ಅಪ್ಪ ಎಂದೂ ಹೇಳಿಲ್ಲ. ನಾನು ಆಗ ಕಳ್ಳಂಬೆಳ್ಳದ ಹಾಸ್ಟೆಲಿನಲ್ಲಿ ನಾಲ್ಕನೇ ಕ್ಲಾಸು. ಕರೆದುಕೊಂಡು ಬಂದರು, ಮುಖ ನೋಡು ಅಂದರು, ನೋಡಿದೆ. ಕ್ವಾರಿ ಹಳ್ಳಕ್ಕೆ ಬಿದ್ದಳು ಎಂದಷ್ಟೇ ಗೊತ್ತು.

ಅನಸೂಯ

*

ಹಟ್ಟಿ
18-8-2025

ಚಿ. ಅನಸೂಯ,

ಕಾಗದ ಬಂತು. ಇಲ್ಲಿ ಒಂದು ಹದ ಮಳೆ ಬಿತ್ತು. ಕಪ್ಪು ನಾಯಿ ಐದು ಮರಿ ಹಾಕಿದೆ. ನಾಗಲಿಂಗಯ್ಯನಿಗೆ ಒಂದು ಕೊಟ್ಟು ಅದು ಜರ್ಮನ್ ಜಾತಿಯದು ಎಂದು ಹೇಳಿದ್ದೇನೆ.

ಚಿಪ್ಪಿನ ವಿಷಯಕ್ಕೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತೀಯ. ಇಬ್ಬರು ಒಂದೇ ಹೇಳಿದ ಮೇಲೆ ಮುಗಿಯಿತು. ಸಹಿ ಮಾಡು.

ಹಳೆಯದನ್ನು ಕೇಳಬೇಡ. ಆಗಿದ್ದು ಆಯಿತು.

ಚಿತ್ತಯ್ಯ

*

ಹಟ್ಟಿ
11-9-2025

ಅನಸೂಯ,

ಇಪ್ಪತ್ತನೇ ತಾರೀಕಿನ ಒಳಗೆ ಇದು ನಿನ್ನ ಕೈ ಸೇರಬೇಕು. ನಾಗಲಿಂಗಯ್ಯನ ಕೈಯಲ್ಲಿ ರಿಜಿಸ್ಟರ್ ಮಾಡಿಸಿದ್ದೇನೆ. ಅವನು ಏನೋ ತಮಾಷೆ ಮಾಡಿದ, ನಾನು ಉತ್ತರ ಕೊಡಲಿಲ್ಲ. "ಮೈಯಾಗೆ ಉಸಾರಿಲ್ವಾ?" ಎಂದು ಕೇಳಿದ.

ಸಹಿ ಮಾಡಬೇಡ. ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ಯಾಕೆಂದು ಬರೆಯುತ್ತೇನೆ. ಅಕ್ಷರ ದುಂಡಗೆ ಬರುತ್ತಿಲ್ಲ, ಸೈರಿಸಿಕೋ.

ಆ ದಿನ ರೊಪ್ಪದ ಬಾಯಲ್ಲಿ ಕೂತಿದ್ದವರು ನಿಮ್ಮಪ್ಪ, ನಿಮ್ಮವ್ವ ರಂಗಕ್ಕ, ನಾನು. ಪಾವಗಡದ ಆಚೆ, ಗುಡ್ಡದ ಪಕ್ಕದಲ್ಲಿ ಕುರಿ ಬೀಡು ಬಿಟ್ಟಿದ್ದೆವು. ಎರಡು ಸಾವಿರದ ಎಂಟು, ಜನವರಿ. ಕುರಿ ನೂರ ಇಪ್ಪತ್ತಾರು ಇರಬೇಕಿತ್ತು. ಇದೊಂದು ಸಲ ಬರೆಯುತ್ತೇನೆ, ದೃಷ್ಟಿ ತಾಕುವುದಿದ್ದರೆ ಎಂದೋ ತಾಕಿ ಆಗಿದೆ.

ಆಗ ನಾನು ಸಿರಾದಲ್ಲಿ ಹಾಡು ಬರುವ ಹೊಸ ಮೊಬೈಲು ಕೊಂಡಿದ್ದೆ. ಹಟ್ಟಿಗೇ ಮೊದಲನೆಯದು. ಪಕ್ಕದಲ್ಲಿ ಆಂಧ್ರದ ಕುರಿಯವರು ಇಳಿದಿದ್ದರು. "ಏಮಯ್ಯಾ, ಇಂಕೊಕ ಪಾಟ ಪೆಟ್ಟು" ಎಂದು ಅವರು ಕೂಗುತ್ತಿದ್ದರು, ನಾನು ಹಾಡು ಬದಲಾಯಿಸಿ ಬದಲಾಯಿಸಿ ಮೆರೆಯುತ್ತಿದ್ದೆ. ಕುರಿ ನುಗ್ಗುತ್ತಿದ್ದಾಗ ಒಂದು ಕಲ್ಲನ್ನೂ ನಾನು ಮಡಿಲಿಗೆ ಹಾಕಲಿಲ್ಲ. ಮುಳ್ಳು ಎಳೆಯುವ ಹೊತ್ತಿಗೆ ಅಣ್ಣನ ಮಡಿಲು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಓರೆಗಣ್ಣಿನಲ್ಲಿ ನೋಡಿದೆ. ಆರು ಕಲ್ಲು, ಆರು ಬೆರಳು. ನೆಲದಿಂದ ಆರು ಕಲ್ಲು ಆರಿಸಿಕೊಂಡೆ.

ಅಣ್ಣ ಬಿಚ್ಚಿದ. ನಾನು ಬಿಚ್ಚಿದೆ. ನಿಮ್ಮವ್ವ ಬಿಚ್ಚಿದಳು. ಅವಳದು ಆರು ಕಲ್ಲು, ಐದೇ ಬೆರಳು.

"ಒಂದು ಕಮ್ಮಿ ಐತೆ. ಆ ಬೋಳು ಟಗರು ಒಳೀಕೋಗಿ, ಹಿಂದುಕ್ ಬಂದು, ಮತ್ತೆ ನುಗ್ತು. ನೀವು ಅದ್ನ ಎರಡ್ ಸಲ ಎಣಿಸೀರಿ" ಅಂದಳು.

"ಇಬ್ರೂ ಎಣಿಸೀವಲ್ಲಾ, ಇಬ್ರುಗೂ ಅಂಗೇ ಆಗ್ತದಾ?" ಅಂದ ಅಣ್ಣ.

ಅವಳು ನನ್ನ ಕಡೆ ನೋಡಿದಳು. "ಏನ್ಲಾ ಮೈದಾ, ನಿಜವಾಗ್ಲೂ ಎಣಿಸ್ದಾ?"

"ಎಣಿಸ್ದೆ ಕಣತ್ತಿಗೆ, ನನ್ ಲೆಕ್ಕ ಯಾವತ್ ತಪ್ಪೈತೆ" ಅಂದೆ.

"ಇಬ್ರು ಒಂದೇ ಯೇಳಿದ್ ಮ್ಯಾಲೆ ಮುಗೀತು, ಬುಡು" ಅಂದ ಅಣ್ಣ.

ಕಾನೂನಿನಂತೆ ಅವಳು ಸುಮ್ಮನಾದಳು. ರೊಟ್ಟಿಗೆ ಹಿಟ್ಟು ಕಲಸಿಟ್ಟು, ಕೋಲು ತೆಗೆದುಕೊಂಡು ಗುಡ್ಡದ ಕಡೆ ಹೋದಳು. ಸೌದೆಗೆ ಎಂದುಕೊಂಡೆವು. ಆ ಕಡೆ ಹಳೆಯ ಕಲ್ಲು ಕ್ವಾರಿ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಕೂಗಿದೆವು, ಬೆಳಗ್ಗೆ ಹುಡುಕಿಕೊಂಡು ಹೋದಾಗ ಹಳ್ಳದ ಅಂಚಿನಲ್ಲಿ ಕಿವಿಯಲ್ಲಿ ನಮ್ಮ ಗುರುತಿನ ಗೆರೆಯಿದ್ದ ಹೆಣ್ಣು ಕುರಿ ಒಂದು ನಿಂತಿತ್ತು. ಸುಮ್ಮನೆ ನಿಂತಿತ್ತು. ಕೆಳಗೆ ಅವಳು.

ನಾನು ಅಂದು "ನಾನು ಎಣಿಸಿಲ್ಲ ಅತ್ತಿಗೆ" ಅಂದಿದ್ದರೆ ಉಳಿದಿಬ್ಬರ ಲೆಕ್ಕ ಹೊಂದುತ್ತಿರಲಿಲ್ಲ. ಕುರಿ ಹೊರಗೆ ಬಿಟ್ಟು ಮತ್ತೆ ಎಣಿಸುತ್ತಿದ್ದೆವು. ಕಮ್ಮಿ ಎಂದು ಗೊತ್ತಾದ ಮೇಲೆ ಹೋಗುತ್ತಿದ್ದುದು ನಾವಿಬ್ಬರು, ನಾಯಿ, ಬ್ಯಾಟರಿ. ಅವಳು ರೊಟ್ಟಿ ತಟ್ಟುತ್ತಾ ಇರುತ್ತಿದ್ದಳು.

ನಿಮ್ಮಪ್ಪನಿಗೆ ಗೊತ್ತಿಲ್ಲ. "ಇಬ್ರು ಕಣ್ಣೂ ಒಂದೇ ತರ ತಪ್ಪೋದು ಹೆಂಗ್ಲಾ?" ಎಂದು ಒಂದು ವರ್ಷ ಕೇಳಿದ. ದೇವರ ಆಟ ಅಂದೆ. ಅವನು ನಂಬಿದ. ಆಮೇಲೆ ರೊಪ್ಪದ ಬಾಯಲ್ಲಿ ಕೂರಲಿಲ್ಲ, ತನ್ನ ಕಣ್ಣನ್ನು ದೇವರು ಕಿತ್ತುಕೊಂಡ ಅನ್ನುತ್ತಾನೆ.

ನನಗೆ ಚಿಪ್ಪು ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಎರಡು ಲೆಕ್ಕ ದಿನಾ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ, ಎರಡನೆಯವನು ಎಣಿಸಿದನೋ ಇಲ್ಲ ಮೊದಲನೆಯವನ ಮಡಿಲು ನೋಡಿದನೋ ಎಂದು ಕೇಳು.

ಇದನ್ನು ಕಟ್ಟೆಯ ಮೇಲೆ ಓದಿಲ್ಲ.

ಚಿತ್ತಯ್ಯ

*

ಹೈದರಾಬಾದ್
25-9-2025

ಚಿಕ್ಕಪ್ಪ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಓದಿ, ಒಳಗೆ ಹೋಗಿ, ಕಿರಣ್‌ಗೆ ಎರಡನೆಯ ಚಿಪ್ಪಿನ ದಾಖಲೆ ತೆಗೆಯಲು ಹೇಳಿದೆ.

ಎರಡನೆಯದಕ್ಕೆ ಜೂನ್ ಇಪ್ಪತ್ತೇಳರಂದು ಒಂದು ಏಟು ಬಿದ್ದಿತ್ತು. ದಕ್ಷಿಣ ಅಮೆರಿಕದ ಪಕ್ಕದ ಸಮುದ್ರದ ಮೇಲೆ, ಏಟು ಯಾವಾಗಲೂ ಹೆಚ್ಚಿರುವ ಜಾಗದಲ್ಲಿ. ಅದು ಆರಿ ಮತ್ತೆ ಎದ್ದಿತು. ಎದ್ದಾಗ ಒಂದೇ ಒಂದು ಸಲ ಪಕ್ಕದ ಚಿಪ್ಪಿನ ಲೆಕ್ಕ ಕೇಳಿ, ಅಲ್ಲಿಂದ ತನ್ನ ಎಣಿಕೆ ಶುರು ಮಾಡಬೇಕು, ನಾವು ಮಾಡಿದ್ದು ಹಾಗೆ. ಶುರು ಮಾಡು ಎಂದು ಹೇಳುವ ಆ ಒಂದೇ ಅಂಕಿ ಏಟಿಗೆ ತಿರುಗಿಹೋಗಿತ್ತು. ಅಂದಿನಿಂದ ಅದು ಎಣಿಸಿಯೇ ಇಲ್ಲ. ದಿನಾ ಒಂದನೆಯದನ್ನು ಕೇಳಿ ಅದನ್ನೇ ಹೇಳುತ್ತಿತ್ತು.

ಒಂದನೆಯದು ಏಟು ತಿಂದು ಸೊರಗಿದೆ. ಕೆಲವು ಏಟುಗಳನ್ನು ಎರಡು ಸಲ ಎಣಿಸುತ್ತಿದೆ.

ಮೂರನೆಯದು ಸರಿ ಇತ್ತು.

ಸಭೆಯಲ್ಲಿ ಇದನ್ನು ಹೇಳಿದೆ. ಯಾರು ಮೊದಲು ಅನುಮಾನ ಪಟ್ಟದ್ದು ಎಂದು ಕೇಳಿದರು. ಊರಿನಲ್ಲಿ ಒಬ್ಬರು ಎಂದೆ. ಹೆಸರು ಹೇಳಲಿಲ್ಲ. ನಿನಗೆ ಬೇಕಾಗಿರುತ್ತಿತ್ತೇನೋ, ನನಗೆ ಬಾಯಿ ಬರಲಿಲ್ಲ. ತಿರುಗಿದ ಅಂಕಿ ಸರಿಮಾಡಿ, ಎರಡನೆಯದನ್ನು ಒಂದು ಗಳಿಗೆ ಮಾತ್ರ ಆರಿಸಿ ಎಬ್ಬಿಸಿದ್ದೇವೆ, ಈಗ ತಾನೇ ಎಣಿಸುತ್ತಿದೆ. ಮೂರನೆಯದನ್ನು ಆರಿಸುವುದಿಲ್ಲ.

ಇನ್ನೊಂದರ ಬಗ್ಗೆ ನೀನು ಉತ್ತರಕ್ಕೆ ಕಾಯುತ್ತಿರುತ್ತೀಯ. ಸಿಟ್ಟು ಬರುತ್ತದೆಯೇ ಎಂದು ಎಂಟು ದಿನ ನೋಡಿದೆ. ಬಂದಿಲ್ಲ. ಅಳುವೂ ಬಂದಿಲ್ಲ. ಬಂದರೆ ಬರೆಯುತ್ತೇನೆ. ಎರಡು ದಿನದಿಂದ ಊಟದ ಹೊತ್ತಿಗೆ ಮುಂಚೆ ಹಸಿವಾಗುತ್ತಿದೆ, ಅಷ್ಟೇ ವ್ಯತ್ಯಾಸ.

ಅಪ್ಪನಿಗೆ ನೀನೇ ಹೇಳು. ಕಾಗದದಲ್ಲಿ ಅಲ್ಲ. ಹೇಳುವವರೆಗೆ ನನಗೆ ಬರೆಯಬೇಡ.

ಅನಸೂಯ

*

ಹಟ್ಟಿ
19-10-2025

ಅನಸೂಯ,

ಹೇಳಿದೆ. ಮೂರು ವಾರ ಹಿಡಿಯಿತು. ದಿನಾ ಬಾವಿಯವರೆಗೆ ಹೋಗಿ ಬೇರೆ ಏನಾದರೂ ಮಾತಾಡಿ ಬರುತ್ತಿದ್ದೆ. ಒಂದು ದಿನ ನಾಯಿಮರಿಯ ವಿಷಯ, ಒಂದು ದಿನ ಓಬಳಯ್ಯನ ಬೀಡಿಯ ವಿಷಯ. ಬೀಡಿ ಕೊಟ್ಟುಬಿಟ್ಟೆ. ಅವನು ಕಟ್ಟನ್ನು ಮೂಸಿ ನೋಡಿ, "ಏನ್ಲಾ, ಸಾಯಾಕೆ ಒಂಟಿದೀಯಾ?" ಎಂದು ಕೇಳಿದ.

ನಿನ್ನೆ ಸಂಜೆ ನಿಮ್ಮಪ್ಪ ಬಾವಿಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ನಿಂತುಕೊಂಡೇ ಹೇಳಿದೆ. ಹಾಡಿನ ಮೊಬೈಲು, ಆರು ಕಲ್ಲು, ಎಲ್ಲ. ಅವನು ತೊಳೆಯುವುದನ್ನು ನಿಲ್ಲಿಸಲಿಲ್ಲ. ಒಂದು ಕಾಲು ಮುಗಿಸಿ ಇನ್ನೊಂದು ತೊಳೆದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಅಂಗಾರೆ ನನ್ದೊಂದೇ ತಪ್ಪಿದ್ದು" ಅಂದ.

"ಊ" ಅಂದೆ.

"ಅವ್ಳು ಕೇಳುದ್ಲು ನಿನ್ನ. ಎಣಿಸ್ದಾ ಅಂತ."

"ಊ."

ಅವನು ಬಿಂದಿಗೆ ಬೋರಲು ಹಾಕಿ ಎದ್ದು ಹೋದ.

ಇವತ್ತು ಸಂಜೆ ಕುರಿ ಬರುವ ಹೊತ್ತಿಗೆ ಅವನು ಬಾವಿಯ ಕಡೆ ಹೋಗಲಿಲ್ಲ. ರೊಪ್ಪದ ಬಾಯಿಗೆ ಬಂದು ಬಲಗಡೆ ಕುಕ್ಕರಗಾಲಲ್ಲಿ ಕೂತ. ಹದಿನೇಳು ವರ್ಷಕ್ಕೆ ಮೊದಲು ಅವನ ಜಾಗ ಅದೇ. ನೆಲದಿಂದ ಕಲ್ಲು ಆರಿಸಿಕೊಂಡ. ನಾನು ಅವನ ಪಕ್ಕಕ್ಕೆ ಹೋದೆ.

"ಅಲ್ಲಲ್ಲ. ಎಡಕ್ಕೋಗು. ನನ್ ಕಡೆ ಬೆನ್ ಮಾಡ್ಕಂಡು ಕೂತ್ಕ" ಅಂದ.

ಕೂತೆ. ಕುರಿ ನನ್ನ ಮುಂದೆ ಬಾಯಿಗೆ ತಿರುಗುವಾಗಲೇ ಎಣಿಸಿದೆ. ಅವನ ಮಡಿಲಿಗೆ ಕಲ್ಲು ಬೀಳುವುದು ಕೇಳಿಸುತ್ತಿತ್ತು, ಕೇಳಬಾರದು ಎಂದು ಹಲ್ಲು ಕಚ್ಚಿಕೊಂಡು ಎಣಿಸಿದೆ. ಮುಳ್ಳು ಎಳೆದ ಮೇಲೆ ಇಬ್ಬರೂ ಬಿಚ್ಚಿದೆವು. ಎಷ್ಟೆಂದು ಬರೆಯುವುದಿಲ್ಲ. ಇಬ್ಬರದು ಹೊಂದಲಿಲ್ಲ. ಒಂದು ವ್ಯತ್ಯಾಸ.

ಮೂರನೆಯವರು ಕೂರುತ್ತಿದ್ದ ಕಲ್ಲನ್ನು ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಮುಳ್ಳು ಸರಿಸಿ ಕುರಿಯನ್ನೆಲ್ಲ ಹೊರಗೆ ಬಿಟ್ಟ. ಮತ್ತೆ ಎಣಿಸಿದೆವು. ಮತ್ತೆ ಹೊಂದಲಿಲ್ಲ. ಈಗ ಅವನು ಮೂರನೇ ಸಲ ಬಿಡುತ್ತಿದ್ದಾನೆ. ಅಷ್ಟರೊಳಗೆ ಬೇಲಿಯ ಕಲ್ಲಿನ ಮೇಲೆ ಇಟ್ಟುಕೊಂಡು ಇದನ್ನು ಬರೆದೆ.

"ಅನ್ಸೂಯಂಗೆ ಬರೀತಿದೀಯಾ?" ಎಂದು ಕೇಳಿದ. ಹೌದು ಎಂದೆ. "ಆಯಮ್ಮಂಗೆ ಎಣಿಸಾಕೆ ಬತ್ತದಾ ಕೇಳು" ಅಂದ.

ಕೇಳಿದ್ದೇನೆ.

ನನ್ನ ಲೆಕ್ಕ ಸರಿಯೋ ತಪ್ಪೋ ಗೊತ್ತಿಲ್ಲ. ನನ್ನದೇ.

ಚಿತ್ತಯ್ಯ